ಅಫುಂಗಿಯ ಅನಿಲದಲ್ಲಿ ನಮ್ಮ ಪಾಲು



ಈ ದತ್ತಿ ಉಪನ್ಯಾಸ ಒಬ್ಬ ಭೂಗೋಳದ ಮೇಷ್ಟರ ಹೆಸರಿನಲ್ಲಿದೆ. ಪಾಠಕ್ಕೆ ಬರುವಾಗ ಅವರು ಪುಸ್ತಕಕ್ಕಿಂತ ಮೊದಲು ಗೋಡೆಗೆ ನಕಾಶೆ ತೂಗುಹಾಕುತ್ತಿದ್ದರು ಎಂದು ಅವರ ಶಿಷ್ಯರು ಹೇಳಿದರು. ಅದೇ ರೂಢಿಯನ್ನು ನಾನೂ ಹಿಡಿಯುತ್ತೇನೆ. ಆಫ್ರಿಕಾದ ಪೂರ್ವ ಕರಾವಳಿಯನ್ನು ಮನಸ್ಸಿಗೆ ತಂದುಕೊಳ್ಳಿ. ಟಾಂಜಾನಿಯ ಮುಗಿದು ಮೊಜಾಂಬಿಕ್ ಶುರುವಾಗುವಲ್ಲಿ ರೊವುಮಾ ಎಂಬ ನದಿ ಕಡಲಿಗೆ ಸೇರುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ಪಾಲ್ಮಾ ಎಂಬ ಸಣ್ಣ ಪಟ್ಟಣ, ಅದರ ಪಕ್ಕದಲ್ಲಿ ನೀರಿನೊಳಕ್ಕೆ ಚಾಚಿಕೊಂಡ ಒಂದು ಭೂಶಿರ. ಅದರ ಹೆಸರು ಅಫುಂಗಿ. ಇವತ್ತು ನನ್ನ ಮಾತು ಆ ನೆಲದ ಮೇಲೆ.

ಆ ಪ್ರಾಂತ್ಯದ ಹೆಸರು ಕಾಬೊ ಡೆಲ್ಗಾಡೊ. ರಾಜಧಾನಿ ಮಾಪುಟೊ ದೇಶದ ದಕ್ಷಿಣದ ತುದಿಯಲ್ಲಿದೆ. ನಡುವೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಪೋರ್ಚುಗೀಸರ ವಿರುದ್ಧದ ಸ್ವಾತಂತ್ರ್ಯ ಯುದ್ಧದ ಮೊದಲ ಗುಂಡು 1964ರ ಸೆಪ್ಟೆಂಬರ್ 25ರಂದು ಹಾರಿದ್ದು ಇದೇ ಪ್ರಾಂತ್ಯದ ಶಾಯ್ ಎಂಬಲ್ಲಿ. 1975ರಲ್ಲಿ ದೇಶ ಸ್ವತಂತ್ರವಾಯಿತು. ಸ್ವಾತಂತ್ರ್ಯಕ್ಕೆ ಮೊದಲು ಎದ್ದ ಪ್ರಾಂತ್ಯ ಆಮೇಲೆ ಎಲ್ಲರಿಗಿಂತ ಹಿಂದೆ ಉಳಿಯಿತು. ಪೋರ್ಚುಗೀಸಿನಲ್ಲಿ ಅಲ್ಲಿಯ ಜನರೇ ಅದನ್ನು ‘ಕಾಬೊ ಎಸ್ಕೆಸಿದೊ’, ಅಂದರೆ ಮರೆತುಹೋದ ಭೂಶಿರ ಎಂದು ಕರೆಯತೊಡಗಿದರು.

2010ರಲ್ಲಿ ಆ ಮರೆವು ಇದ್ದಕ್ಕಿದ್ದಂತೆ ಮುಗಿಯಿತು. ಅನದಾರ್ಕೊ ಎಂಬ ಅಮೆರಿಕದ ಕಂಪನಿ ರೊವುಮಾದ ಎದುರಿನ ಆಳಗಡಲಿನಲ್ಲಿ ಭಾರಿ ಅನಿಲ ನಿಕ್ಷೇಪ ಕಂಡಿತು. ಮರುವರ್ಷ ಪಕ್ಕದ ವಲಯದಲ್ಲಿ ಇಟಲಿಯ ಎನಿ ಕಂಪನಿಗೂ ಸಿಕ್ಕಿತು. ಎರಡೂ ಸೇರಿ ನೂರು ಲಕ್ಷ ಕೋಟಿ ಘನ ಅಡಿಗೂ ಹೆಚ್ಚು. ಬಹುಪಾಲು ಮನೆಗಳಲ್ಲಿ ಸೌದೆ, ಇದ್ದಿಲಿನಿಂದ ಅಡುಗೆ ಮಾಡುವ ದೇಶದ ಕಡಲಡಿಯಲ್ಲಿ ಇಷ್ಟು ಅನಿಲ!

ಅನಿಲಕ್ಕೂ ಎಣ್ಣೆಗೂ ಒಂದು ವ್ಯತ್ಯಾಸವಿದೆ. ಎಣ್ಣೆಯನ್ನು ಸಮುದ್ರದ ಮೇಲಿಂದಲೇ ಹಡಗಿಗೆ ತುಂಬಿ ಕಳಿಸಬಹುದು. ಅನಿಲವನ್ನು ದೂರದ ದೇಶಕ್ಕೆ ಸಾಗಿಸಬೇಕಾದರೆ ಮೈನಸ್ 162 ಡಿಗ್ರಿಯವರೆಗೆ ತಣ್ಣಗೆ ಮಾಡಿ ದ್ರವವಾಗಿಸಬೇಕು. ಆಗ ಅದರ ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಾವು ಎಲ್‌ಎನ್‌ಜಿ ಎನ್ನುವುದು ಅದನ್ನೇ. ಅದಕ್ಕೆ ದೊಡ್ಡ ಸ್ಥಾವರ, ಟ್ಯಾಂಕುಗಳು, ಜೆಟ್ಟಿ, ವಿಮಾನದ ಪಟ್ಟಿ, ಸಾವಿರಾರು ಕೆಲಸಗಾರರ ವಸತಿ ಬೇಕು. ಅಂದರೆ ನೆಲ ಬೇಕು. ಎನಿಯವರು ಮಾತ್ರ ಕೊರಿಯಾದಲ್ಲಿ ಕಟ್ಟಿಸಿದ ತೇಲುವ ಸ್ಥಾವರವನ್ನು ಎರಡು ಸಾವಿರ ಮೀಟರ್ ಆಳದ ನೀರಿನ ಮೇಲೆ ನಿಲ್ಲಿಸಿ, 2022ರ ನವೆಂಬರಿನಲ್ಲಿ ಮೊದಲ ಹಡಗು ತುಂಬಿ ಕಳಿಸಿದರು. ಅನದಾರ್ಕೊ ಆರಿಸಿಕೊಂಡದ್ದು ದಡವನ್ನು. ಸುಮಾರು 7,000 ಹೆಕ್ಟೇರ್, ಅಫುಂಗಿಯಲ್ಲಿ.

ಮೊಜಾಂಬಿಕ್‌ನಲ್ಲಿ ಭೂಮಿಯನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಭೂಮಿಯೆಲ್ಲ ರಾಷ್ಟ್ರದ್ದು. ಆದರೆ 1997ರ ಭೂಕಾಯ್ದೆ ಒಂದು ಒಳ್ಳೆಯ ಮಾತು ಹೇಳುತ್ತದೆ: ತಲೆಮಾರಿನಿಂದ ಉತ್ತುಕೊಂಡು ಬಂದ ಸಮುದಾಯಕ್ಕೆ, ಕೈಯಲ್ಲಿ ಕಾಗದವಿಲ್ಲದಿದ್ದರೂ ಆ ನೆಲದ ಬಳಕೆಯ ಹಕ್ಕಿದೆ. ಆ ನೆಲವನ್ನು ಬೇರೆಯವರಿಗೆ ಕೊಡುವ ಮುನ್ನ ಊರಿನವರನ್ನು ಕೇಳಬೇಕು. ನಮ್ಮ ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಅದಕ್ಕಿಂತ ಒಂಬತ್ತು ವರ್ಷ ಮೊದಲೇ ಅವರು ಬರೆದಿಟ್ಟಿದ್ದರು. ಆದರೆ ಅಫುಂಗಿಯ ಭೂಮಿಯ ಹಕ್ಕುಪತ್ರ ಕಂಪನಿಯ ಕಡೆಗೆ ಹೋದ ಮೇಲೆ ಊರಿನವರ ಜೊತೆ ನಿಜವಾದ ಮಾತುಕತೆ ಶುರುವಾಯಿತು ಎಂಬ ದೂರನ್ನು ಅಲ್ಲಿಯ ನಾಗರಿಕ ಸಂಘಟನೆಗಳು ಮೊದಲಿನಿಂದಲೂ ಹೇಳುತ್ತ ಬಂದಿವೆ. ಕೊಟ್ಟಾದ ಮೇಲೆ ಕೇಳಿದರೆ ಅದು ತಿಳಿಸುವುದಾಯಿತೇ ಹೊರತು ಕೇಳುವುದಾಗಲಿಲ್ಲ.

ಆಮೇಲೆ ಎಣಿಕೆ ಬಂತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾನು ಮಲೆನಾಡಿನ ಮುಳುಗಡೆ ಸೀಮೆಯವನು. ನಮ್ಮ ಮನೆಯಲ್ಲಿ ಅಜ್ಜಿ ಸಾಯುವತನಕ ಹೇಳುತ್ತಿದ್ದ ಕಥೆ ಒಂದೇ. ಅಳತೆಯವರು ಬಂದರು, ತೋಟದಲ್ಲಿ ಒಂದೊಂದು ಅಡಿಕೆ ಮರಕ್ಕೂ ನಂಬರು ಹಾಕಿದರು, ಹಿತ್ತಿಲ ಮಾವಿನ ಮರವನ್ನು ಮಾತ್ರ ಬಿಟ್ಟರು, ಅದು ಯಾವ ಪಟ್ಟಿಯಲ್ಲೂ ಬರಲಿಲ್ಲ. ಪರಿಹಾರ ಎಷ್ಟು ಬಂತು ಎಂಬುದು ಅವಳಿಗೆ ನೆನಪಿರಲಿಲ್ಲ. ಬಿಟ್ಟುಹೋದ ಮಾವಿನ ಮರ ನೆನಪಿತ್ತು. ಹಾಗಾಗಿ ಅಫುಂಗಿಯ ಎಣಿಕೆಯ ಬಗ್ಗೆ ಓದುವಾಗ ನನಗೆ ಅದು ದೂರದ ಸಂಗತಿ ಅನ್ನಿಸಲಿಲ್ಲ. ಅಲ್ಲಿಯೂ ಗೋಡಂಬಿ, ಮಾವು, ತೆಂಗು ಎಂದು ಮರಗಳನ್ನು ಎಣಿಸಿದರು. ಮನೆ, ಹೊಲ, ಗೋರಿಗಳ ಪಟ್ಟಿ ಮಾಡಿದರು. ಇಂಥ ಎಣಿಕೆಗೆ ಒಂದು ಕೊನೆಯ ದಿನ ಇರುತ್ತದೆ. ಅದಾದ ಮೇಲೆ ಹೊಸ ಗಿಡ ನೆಟ್ಟರೆ, ಮನೆಗೊಂದು ಕೋಣೆ ಕೂಡಿಸಿದರೆ ಲೆಕ್ಕಕ್ಕಿಲ್ಲ. ಎಣಿಸಿದವರು ವರ್ಷಗಟ್ಟಲೆ ತಿರುಗಿ ಬರುವುದಿಲ್ಲ. ಊರು ಇದ್ದಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಮಗನಿಗೆ ಮದುವೆಯಾದರೂ ಮನೆ ಹಿಗ್ಗುವುದಿಲ್ಲ. ಮುಳುಗಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಿತುಪೊ ಮತ್ತು ಸುತ್ತಲಿನ ಹಳ್ಳಿಗಳ ಐನೂರೈವತ್ತಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿ ಕಿತುಂದ ಎಂಬ ಹೊಸ ಊರಿಗೆ ಕಳಿಸುವುದೆಂದಾಯಿತು. ಸಾಲು ಸಾಲಾಗಿ ಸಿಮೆಂಟ್ ಮನೆಗಳು, ತಗಡಿನ ಮಾಡು, ಕರೆಂಟು, ನಲ್ಲಿ ನೀರು. ಮನೆಗಳು ಚೆನ್ನಾಗಿಯೇ ಇವೆ, ಅದನ್ನು ಮುಚ್ಚಿಡಬಾರದು. ಮಣ್ಣಿನ ಗೋಡೆಯ ಮನೆಯಲ್ಲಿದ್ದವರಿಗೆ ಅದು ಸಣ್ಣ ಸಂಗತಿಯಲ್ಲ. ಆದರೆ ಮನೆಯೊಳಗೆ ಬದುಕು ನಡೆಯುವುದಿಲ್ಲ, ಹೊಲದಲ್ಲಿ ನಡೆಯುತ್ತದೆ. ಹೊಲಕ್ಕೆ ಅಲ್ಲಿ ‘ಮಶಾಂಬ’ ಎನ್ನುತ್ತಾರೆ. ಮರಗೆಣಸು, ಜೋಳ, ಅವರೆ ಬೆಳೆಯುವ ತುಂಡು ನೆಲ. ಎದ್ದುಬಂದವರಿಗೆ ಬದಲಿ ಹೊಲ ಕೊಡುತ್ತೇವೆ ಎಂದರು. ಬದಲಿ ಹೊಲ ಆಕಾಶದಿಂದ ಇಳಿಯುವುದಿಲ್ಲವಲ್ಲ. ಅದು ಪಕ್ಕದ ಊರಿನವರ ಉಳುಮೆಯ ನೆಲ. ಹೀಗೆ ಒಂದು ಊರಿಗೆ ಪರಿಹಾರ ಕೊಡಲು ಇನ್ನೊಂದು ಊರಿನ ನೆಲ ಹಿಡಿಯಬೇಕಾಯಿತು. ನೆರೆಯವರು ನೆರೆಯವರನ್ನು ಅನುಮಾನದಿಂದ ನೋಡುವಂತಾಯಿತು.

ಇನ್ನು ಕಡಲು. ಅಫುಂಗಿಯ ದಡದಲ್ಲಿ ನೀರು ಇಳಿದಾಗ ಹೆಂಗಸರು, ಮಕ್ಕಳು ಬುಟ್ಟಿ, ಬಕೆಟ್ಟು ಹಿಡಿದು ಒದ್ದೆ ಮರಳಿಗೆ ಇಳಿಯುತ್ತಾರೆ. ಬಗ್ಗಿ ಬಗ್ಗಿ ಚಿಪ್ಪು ಹೆಕ್ಕುತ್ತಾರೆ. ದೋಣಿ ಬೇಡ, ಬಲೆ ಬೇಡ, ಬಂಡವಾಳ ಬೇಡ. ಗಂಡಸು ಕಡಲಿಗೆ ಹೋಗದ ದಿನವೂ ಒಲೆಯ ಮೇಲೆ ಪಾತ್ರೆ ಏರುವುದು ಇದರಿಂದ. ನಮ್ಮ ಕರಾವಳಿಯಲ್ಲಿ ಮರುವಾಯಿ ಹೆಕ್ಕುವವರನ್ನು ಕಂಡವರಿಗೆ ಈ ದೃಶ್ಯ ಗೊತ್ತು. ಚಿಪ್ಪು ಹೆಕ್ಕುವವರಿಗೂ ಪರಿಹಾರ ಎಂದು ಯೋಜನೆಯ ಕಾಗದದಲ್ಲಿದೆ. ಆದರೆ ಕಿತುಂದ ಕಡಲಿನಿಂದ ದೂರ. ನೀರು ಇಳಿಯುವ ಹೊತ್ತು ನೋಡಿಕೊಂಡು ಮನೆಯಿಂದ ನಾಲ್ಕು ಹೆಜ್ಜೆ ಇಡುತ್ತಿದ್ದ ಹೆಂಗಸಿಗೆ ಆ ದೂರವೇ ಕೆಲಸ ಹೋದಂತೆ.

ಇತ್ತ ಮಾಪುಟೊದಲ್ಲಿ ಏನಾಯಿತು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು. ಅನಿಲದ ಒಂದು ಹಡಗೂ ಹೊರಡದಿರುವಾಗ, 2013 ಮತ್ತು 2014ರಲ್ಲಿ, ಮೂರು ಸರ್ಕಾರಿ ಕಂಪನಿಗಳ ಹೆಸರಿನಲ್ಲಿ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದರು. ಕೊಟ್ಟವರು ಕ್ರೆಡಿಟ್ ಸ್ವಿಸ್ ಮತ್ತು ರಷ್ಯಾದ ವಿಟಿಬಿ ಬ್ಯಾಂಕು. ಟ್ಯೂನಾ ಮೀನು ಹಿಡಿಯುವ ದೋಣಿಗಳಿಗೆ, ಕರಾವಳಿ ಕಾವಲಿಗೆ ಎಂಬುದು ನೆಪ. ಬಹುಪಾಲು ಸಾಲವನ್ನು ಸಂಸತ್ತಿಗೂ ತಿಳಿಸಲಿಲ್ಲ. 2016ರಲ್ಲಿ ಗುಟ್ಟು ಹೊರಬಿತ್ತು. ಐಎಂಎಫ್ ಮತ್ತು ನೆರವು ಕೊಡುತ್ತಿದ್ದ ದೇಶಗಳು ಕೈ ಹಿಂತೆಗೆದವು, ನಾಣ್ಯದ ಬೆಲೆ ಕುಸಿಯಿತು, ಆಸ್ಪತ್ರೆ ಶಾಲೆಗಳ ಹಣಕ್ಕೆ ಕತ್ತರಿ ಬಿತ್ತು. ಆಗಿನ ಹಣಕಾಸು ಮಂತ್ರಿ ಮನುಯೆಲ್ ಶಾಂಗ್ ಮೇಲಿನ ಆರೋಪ 2024ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಸಾಬೀತಾಯಿತು. ಅನಿಲ ಬರುತ್ತದೆ, ತೀರಿಸುತ್ತೇವೆ ಎಂಬ ಭರವಸೆಯೇ ಈ ಸಾಲದ ಬುನಾದಿ. ಮುಂದೆ ಬರುವ ಹಣದ ವಾಸನೆಗೇ ದೇಶ ಕಟ್ಟಿಕೊಂಡಿದ್ದ ಆಡಳಿತ ಇಷ್ಟು ಹಾಳಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಈ ನಡುವೆ ಉತ್ತರದಲ್ಲಿ ಬೆಂಕಿ ಹತ್ತಿತು. 2017ರ ಅಕ್ಟೋಬರ್ 5ರಂದು ಮೊಸಿಂಬೊವಾ ದ ಪ್ರಾಯಾ ಎಂಬ ಬಂದರು ಪಟ್ಟಣದ ಪೊಲೀಸ್ ಠಾಣೆಗಳ ಮೇಲೆ ಶಸ್ತ್ರಧಾರಿ ಯುವಕರು ನುಗ್ಗಿದರು. ಮುಂದೆ ಆ ಗುಂಪು ಐಎಸ್ ಜೊತೆ ನಂಟು ಬೆಳೆಸಿತು. ಧರ್ಮದ ಹೆಸರು ಹೇಳಿ ಹಳ್ಳಿ ಸುಡುವುದು, ತಲೆ ಕಡಿಯುವುದು ನಡೆಯಿತು. ಆ ಕ್ರೌರ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಆ ಗುಂಪಿಗೆ ಹುಡುಗರು ಎಲ್ಲಿಂದ ಸಿಕ್ಕರು ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಕೆಲಸವೆಲ್ಲ ಪೋರ್ಚುಗೀಸ್ ಬಲ್ಲ, ದಕ್ಷಿಣದಿಂದ ಬಂದವರಿಗೆ ಎಂಬ ಭಾವನೆ ಬಲಿತಿದ್ದ ಊರುಗಳು ಅವು. ಮ್ವಾನಿ, ಮಕುವಾ ಮಾತಾಡುವ ಹುಡುಗ ಬೇಲಿಯ ಹೊರಗೆ ನಿಂತು ಒಳಗೆ ಹೋಗುವ ಲಾರಿಗಳನ್ನು ನೋಡುತ್ತಿದ್ದ. ಅದರ ಮೇಲೆ 2019ರ ಏಪ್ರಿಲ್‌ನಲ್ಲಿ ಕೆನೆತ್ ಚಂಡಮಾರುತ ಬಂದು ಇದ್ದಬದ್ದ ಮಾಡುಗಳನ್ನೂ ಹಾರಿಸಿಕೊಂಡು ಹೋಯಿತು.

ಅದೇ 2019ರಲ್ಲಿ ಅನದಾರ್ಕೊವನ್ನು ಆಕ್ಸಿಡೆಂಟಲ್ ಎಂಬ ಕಂಪನಿ ಕೊಂಡಿತು. ಮೊಜಾಂಬಿಕ್‌ನ ಪಾಲು 390 ಕೋಟಿ ಡಾಲರಿಗೆ ಫ್ರಾನ್ಸಿನ ಟೋಟಲ್ ಕೈಗೆ ಬಂತು. ಇಂದಿನ ಹೆಸರು ಟೋಟಲ್ ಎನರ್ಜೀಸ್. ಯೋಜನೆಯ ಅಂದಾಜು 2,000 ಕೋಟಿ ಡಾಲರ್, ವರ್ಷಕ್ಕೆ 1.3 ಕೋಟಿ ಟನ್ ಎಲ್‌ಎನ್‌ಜಿ. 2020ರ ಆಗಸ್ಟಿನಲ್ಲಿ ಸರ್ಕಾರದ ಜೊತೆ ಒಪ್ಪಂದವಾಗಿ, ಸ್ಥಾವರದ ಕಾವಲಿಗೆಂದೇ ಜಂಟಿ ಪಡೆಯೊಂದು ಬಂತು. ಪಡೆಯವರು ಸರ್ಕಾರದ ಸೈನಿಕರು, ಪೊಲೀಸರು. ಅವರ ಭತ್ಯೆ ಯೋಜನೆಯದು.

2021ರ ಮಾರ್ಚ್ 24. ಭದ್ರತೆ ಸುಧಾರಿಸಿದೆ, ಕೆಲಸ ಮತ್ತೆ ಶುರುಮಾಡುತ್ತೇವೆ ಎಂದು ಕಂಪನಿ ಪ್ರಕಟಿಸಿದ ದಿನ. ಅದೇ ದಿನ ಪಾಲ್ಮಾದ ಮೇಲೆ ದಾಳಿಯಾಯಿತು. ಅಮರುಲಾ ಎಂಬ ಹೋಟೆಲಿನಲ್ಲಿ ಕೆಲಸಗಾರರು, ಊರಿನವರು ಸೇರಿ ನೂರಾರು ಜನ ಸಿಕ್ಕಿಬಿದ್ದರು. ಎರಡು ದಿನ ಕಾದು, ಯಾರೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಗಾಡಿಗಳನ್ನು ಸಾಲುಮಾಡಿಕೊಂಡು ಹೊರಟರು. ದಾರಿಯಲ್ಲಿ ಹೊಂಚುದಾಳಿ ಕಾದಿತ್ತು. ಪಟ್ಟಣದಲ್ಲಿ ಸತ್ತವರು ಎಷ್ಟು? ಸರ್ಕಾರ ಹೇಳಿದ್ದು ಹತ್ತಾರು ಜನರ ಲೆಕ್ಕ. ಬ್ರಿಟಿಷ್ ಪತ್ರಕರ್ತ ಅಲೆಕ್ಸ್ ಪೆರಿ ಆಮೇಲೆ ಮನೆಮನೆಗೆ ಎಣಿಕೆ ಮಾಡಿಸಿದಾಗ ಕೊಲೆಯಾದವರ ಸಂಖ್ಯೆ 1,100 ದಾಟಿತು. ಮರಗಳನ್ನು ಒಂದೊಂದಾಗಿ ಎಣಿಸಬಲ್ಲ ವ್ಯವಸ್ಥೆಗೆ ಸತ್ತವರನ್ನು ಎಣಿಸುವ ವ್ಯವಧಾನ ಇರಲಿಲ್ಲ. ಒಬ್ಬ ಪತ್ರಕರ್ತ ಬರಬೇಕಾಯಿತು.

ಏಪ್ರಿಲ್ 26ರಂದು ಕಂಪನಿ ‘ಫೋರ್ಸ್ ಮಜೂರ್’ ಘೋಷಿಸಿ ಕೆಲಸ ನಿಲ್ಲಿಸಿತು. ನಮ್ಮ ಕೈಮೀರಿದ ಕಾರಣ, ಕರಾರಿನ ಹೊಣೆ ಸದ್ಯಕ್ಕೆ ಇಲ್ಲ ಎಂದು ಅದರ ಅರ್ಥ. ಕಂಪನಿಗೆ ಇಂಥ ಬಾಗಿಲೊಂದು ಕರಾರಿನಲ್ಲೇ ಇರುತ್ತದೆ. ಹೊಲ ಬಿಟ್ಟುಕೊಟ್ಟು ಪರಿಹಾರಕ್ಕೆ ಕಾಯುತ್ತಿದ್ದ ಕುಟುಂಬಕ್ಕೆ ಅಂಥ ಬಾಗಿಲು ಯಾವುದು? ಪರಿಹಾರದ ಕೆಲಸವೂ ಆಗಲೇ ನಿಂತಿತು. ಎಷ್ಟೋ ಮನೆಯವರು ಹಳೆಯ ಊರಿನಲ್ಲೂ ಇರಲಾಗದೆ ಹೊಸದಕ್ಕೂ ಹೋಗಲಾಗದೆ ಉಳಿದರು. ಪಾಲ್ಮಾದಿಂದ ಓಡಿಬಂದ ಸಾವಿರಾರು ಜನರೂ ಬಂದು ತುಂಬಿಕೊಂಡದ್ದು ಸ್ಥಾವರದ ಬೇಲಿಗೆ ಹತ್ತಿರದ ಇದೇ ಕಿತುಂದದಲ್ಲಿ.

2021ರ ಜುಲೈಯಲ್ಲಿ ರುವಾಂಡಾದ ಸೇನೆ ಬಂತು, ಪಟ್ಟಣಗಳು ಒಂದೊಂದಾಗಿ ಮರಳಿ ಸಿಕ್ಕವು. ಆದರೆ ಆ ತಿಂಗಳುಗಳಲ್ಲಿ ಸ್ಥಾವರದ ಗೇಟಿನ ಬಳಿ ಏನು ನಡೆಯಿತು ಎಂಬ ಬಗ್ಗೆ ಪೆರಿಯವರದೇ ಒಂದು ವರದಿ 2024ರಲ್ಲಿ ಬಂತು. ಮೊಜಾಂಬಿಕ್ ಸೈನಿಕರು ಹಳ್ಳಿಯ ಗಂಡಸರನ್ನು ಬಂಡುಕೋರರೆಂದು ಹಿಡಿದು ಕಬ್ಬಿಣದ ಕಂಟೇನರುಗಳಲ್ಲಿ ಕೂಡಿಹಾಕಿದರು, ಬಹಳ ಜನ ಅಲ್ಲೇ ಸತ್ತರು ಅಥವಾ ಕೊಲೆಯಾದರು ಎಂಬುದು ಅದರ ಸಾರ. ತಮ್ಮ ಸಿಬ್ಬಂದಿ ಆಗ ಅಲ್ಲಿರಲಿಲ್ಲ, ತಮಗೆ ಇದರ ಅರಿವಿರಲಿಲ್ಲ ಎಂದು ಕಂಪನಿ ಹೇಳಿದೆ. ಪಾಲ್ಮಾ ದಾಳಿಯಲ್ಲಿ ಬದುಕುಳಿದವರು ಮತ್ತು ಸತ್ತವರ ಮನೆಯವರು 2023ರಲ್ಲಿ ಕೊಟ್ಟ ದೂರಿನ ಮೇಲೆ ಫ್ರಾನ್ಸಿನಲ್ಲಿ ನ್ಯಾಯಾಂಗ ತನಿಖೆ ನಡೆಯುತ್ತಿದೆ. ಅದರಲ್ಲೂ ಕಂಪನಿ ಆರೋಪವನ್ನು ನಿರಾಕರಿಸಿದೆ. ತೀರ್ಪು ಕೊಡುವುದು ನ್ಯಾಯಾಲಯದ ಕೆಲಸ. ಆದರೆ ಕಂಪನಿಯೇ ನೇಮಿಸಿದ ಜಾನ್ ಕ್ರಿಸ್ಟೋಫ್ ರುಫಾ, ವೈದ್ಯರು, ಲೇಖಕರು, ರಾಯಭಾರಿಯಾಗಿದ್ದವರು, 2023ರ ವರದಿಯಲ್ಲಿ ಮೊಜಾಂಬಿಕ್ ಸೇನೆಯ ಜೊತೆಗಿನ ಈ ನೇರ ನಂಟು ಕಡಿದುಕೊಳ್ಳಬೇಕು ಎಂದು ಬರೆದಿದ್ದರು. ಸೇನೆಗೆ ಭತ್ಯೆ ಕೊಟ್ಟ ಕಂಪನಿ, ಆ ಸೇನೆ ಮಾಡಿದ್ದಕ್ಕೆ ತನಗೇನೂ ಸಂಬಂಧವಿಲ್ಲ ಎನ್ನುವುದು ಕಷ್ಟ. ಇದು ನನ್ನ ಅಭಿಪ್ರಾಯ.

ಈಗ ಹಣದ ಮಾತು. 2025ರ ನವೆಂಬರಿನಲ್ಲಿ ಫೋರ್ಸ್ ಮಜೂರ್ ತೆಗೆಯುವಾಗ, ನಿಂತ ಕಾಲದಲ್ಲಿ ವೆಚ್ಚ 450 ಕೋಟಿ ಡಾಲರ್ ಹೆಚ್ಚಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು, ಕರಾರಿನ ಅವಧಿಯನ್ನು ಹತ್ತು ವರ್ಷ ಮುಂದುವರಿಸಬೇಕು ಎಂದು ಕಂಪನಿ ಸರ್ಕಾರವನ್ನು ಕೇಳಿತು. ಹೊಲವನ್ನು ಪಾಲಿಗೆ ಕೊಟ್ಟು ಗೊತ್ತಿರುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಬೀಜ, ಗೊಬ್ಬರ, ಆಳಿನ ಖರ್ಚು ಮೊದಲು ಕಳೆದು, ಮಿಕ್ಕ ರಾಶಿಯನ್ನು ಹಂಚಿಕೊಳ್ಳುವುದು ಕರಾರು ಅನ್ನಿ. ಆಗ ಖರ್ಚಿನ ಪಟ್ಟಿ ಉದ್ದವಾದಷ್ಟೂ ಹೊಲದವನ ಪಾಲು ದೂರ ಹೋಗುತ್ತದೆ. ಅನಿಲದ ಕರಾರೂ ಇದೇ ಜಾತಿಯದು. ಈಗ ಸೇರುವ ಒಂದೊಂದು ಡಾಲರ್ ವೆಚ್ಚವೂ ಮೊಜಾಂಬಿಕ್ ಬೊಕ್ಕಸಕ್ಕೆ ಹಣ ಬರುವ ದಿನವನ್ನು ಮುಂದೂಡುತ್ತದೆ. ಮೊದಲ ಎಲ್‌ಎನ್‌ಜಿ 2029ಕ್ಕೆ ಎನ್ನುತ್ತಿದ್ದಾರೆ. ಅನಿಲ ಸಿಕ್ಕಿದ ವರ್ಷ ಹುಟ್ಟಿದ ಕಿತುಪೊದ ಮಗುವಿಗೆ ಆಗ ಹತ್ತೊಂಬತ್ತು ತುಂಬಿರುತ್ತದೆ.

ಈ ದೇಶಕ್ಕೆ ಅನಿಲ ಮಾರಿ ಅನುಭವವಿಲ್ಲ ಎಂದಲ್ಲ. ದಕ್ಷಿಣದ ಪಾಂಡೆ, ತೆಮಾನೆ ಬಾವಿಗಳ ಅನಿಲ 2004ರಿಂದ 865 ಕಿಲೋಮೀಟರ್ ಕೊಳವೆಯಲ್ಲಿ ದಕ್ಷಿಣ ಆಫ್ರಿಕಾದ ಸೆಕುಂಡಕ್ಕೆ, ಸಾಸೊಲ್ ಕಂಪನಿಯ ಕಾರ್ಖಾನೆಗೆ ಹರಿಯುತ್ತಿದೆ. ಬೊಕ್ಕಸಕ್ಕೆ ಬಂದದ್ದು ಮೊದಲು ಆಸೆ ತೋರಿಸಿದ್ದಕ್ಕಿಂತ ಬಹಳ ಕಡಿಮೆ ಎಂದು ಅಲ್ಲಿಯ ಸಂಶೋಧಕರು ಲೆಕ್ಕ ತೋರಿಸಿದ್ದಾರೆ. ಆ ಪಾಠದಿಂದಲೋ ಏನೋ, 2023ರ ಕೊನೆಗೆ ಸಂಸತ್ತು ಒಂದು ನಿಧಿಯ ಕಾಯ್ದೆ ಮಾಡಿತು. ಮೊದಲ ಹದಿನೈದು ವರ್ಷ ಅನಿಲದ ಆದಾಯದ ಶೇ. 40 ನಿಧಿಗೆ, ಶೇ. 60 ಬಜೆಟ್ಟಿಗೆ. ಒಳ್ಳೆಯ ಕೆಲಸ. ನಿಧಿ ತುಂಬಬೇಕಷ್ಟೆ.

ಬಂಧುಗಳೇ, ಇಷ್ಟುಹೊತ್ತು ಕಂಪನಿ ಎಂದಾಗಲೆಲ್ಲ ನೀವು ಫ್ರೆಂಚರನ್ನು ನೆನೆದಿರಬಹುದು. ಈ ಯೋಜನೆಯಲ್ಲಿ ಟೋಟಲ್ ಎನರ್ಜೀಸ್ ಪಾಲು ಶೇ. 26.5. ಜಪಾನಿನವರದು 20. ಮೊಜಾಂಬಿಕ್ ಸರ್ಕಾರಿ ಕಂಪನಿಯದು 15. ಥಾಯ್ಲೆಂಡಿನದು 8.5. ಉಳಿದ ಶೇ. 30? ಅದು ನಮ್ಮದು. ಒಎನ್‌ಜಿಸಿ ವಿದೇಶ್ 16, ಭಾರತ್ ಪೆಟ್ರೋಲಿಯಂನ ಅಂಗಸಂಸ್ಥೆ 10, ಆಯಿಲ್ ಇಂಡಿಯಾ 4. ನಡೆಸುವ ಕೈ ಫ್ರೆಂಚರದು, ಆದರೆ ದೇಶವಾರು ಕೂಡಿದರೆ ಅತಿ ದೊಡ್ಡ ಪಾಲುದಾರ ಭಾರತ. ಮೂರೂ ಸಾರ್ವಜನಿಕ ವಲಯದ ಕಂಪನಿಗಳು. 2014ರ ಸುಮಾರಿಗೆ ಇದರಲ್ಲಿ ಶೇ. 10ರ ಎರಡು ಪಾಲುಗಳಿಗೆ ಮಾತ್ರವೇ 500 ಕೋಟಿ ಡಾಲರಿಗೂ ಹೆಚ್ಚು ಸುರಿದಿದ್ದೇವೆ. ವರ್ಷಕ್ಕೆ ಹತ್ತು ಲಕ್ಷ ಟನ್ ಎಲ್‌ಎನ್‌ಜಿ ಕೊಳ್ಳಲು ಭಾರತ್ ಪೆಟ್ರೋಲಿಯಂ ಮಾತೂ ಕೊಟ್ಟಿದೆ.

ನಮಗೆ ಅನಿಲ ಬೇಡವೆಂದು ನಾನು ಹೇಳುತ್ತಿಲ್ಲ. ಕೊಚ್ಚಿಯಲ್ಲಿ ಹಡಗಿನಿಂದ ಇಳಿದ ಎಲ್‌ಎನ್‌ಜಿ ಮತ್ತೆ ಅನಿಲವಾಗಿ 450 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಬರುತ್ತದೆ. 2021ರ ಜನವರಿ 5ರಂದು ಆ ಕೊಳವೆಯ ಉದ್ಘಾಟನೆಯಾಯಿತು. ದಾಭೋಲ್‌ನಿಂದ ಬೆಂಗಳೂರಿಗೆ ಬಂದ ಕೊಳವೆಯ ಅನಿಲದಲ್ಲಿ ಎಷ್ಟೋ ಮನೆಗಳ ಹಾಲು ಕಾಯುತ್ತಿದೆ. ನಾಳೆ ಅಫುಂಗಿಯ ಹಡಗು ನಮ್ಮ ಕರಾವಳಿಗೆ ಬಂದರೆ ಅದರ ಬೆಂಕಿ ನಮ್ಮ ಒಲೆಗೂ ಬಂದೀತು. ಅದು ಬರಲಿ. ಬರುವ ಮುನ್ನ ಅದರ ಲೆಕ್ಕ ನಮಗೆ ಗೊತ್ತಾಗಲಿ.

ಬ್ರಿಟನ್ನಿನ ಸರ್ಕಾರ ಈ ಯೋಜನೆಗೆ ಒಪ್ಪಿದ್ದ 115 ಕೋಟಿ ಡಾಲರ್ ನೆರವನ್ನು 2025ರ ಡಿಸೆಂಬರಿನಲ್ಲಿ ಹಿಂತೆಗೆದುಕೊಂಡಿತು. ಆ ತೀರ್ಮಾನದ ಹಿಂದೆ ಅಲ್ಲಿಯ ಜನ ವರ್ಷಗಟ್ಟಲೆ ಕೇಳಿದ ಪ್ರಶ್ನೆಗಳಿದ್ದವು. ಫ್ರಾನ್ಸಿನಲ್ಲಿ ನ್ಯಾಯಾಲಯ ಕೇಳುತ್ತಿದೆ. ಅತಿ ದೊಡ್ಡ ಪಾಲಿರುವ ನಮ್ಮಲ್ಲಿ ಕಿತುಂದ ಎಂಬ ಹೆಸರನ್ನು ಕೇಳಿದವರು ಎಷ್ಟು ಜನ? ಇವತ್ತು ಈ ಸಭಾಂಗಣದಲ್ಲಿ ಕುಳಿತವರಿಗಾದರೂ ಈಗ ಗೊತ್ತಿದೆ. ನಿಮ್ಮ ಸಂಸದರಿಗೆ ಒಂದು ಕಾಗದ ಬರೆಯಿರಿ. ಅಫುಂಗಿಯಲ್ಲಿ ಎಬ್ಬಿಸಿದ ಮನೆಗಳ ಪೈಕಿ ಎಷ್ಟಕ್ಕೆ ಬದಲಿ ಹೊಲ ಕೈಗೆ ಸಿಕ್ಕಿದೆ, ಕಂಟೇನರುಗಳ ಆರೋಪದ ಬಗ್ಗೆ ನಮ್ಮ ಮೂರು ಕಂಪನಿಗಳು ಪಾಲುದಾರರ ಸಭೆಯಲ್ಲಿ ಏನು ಕೇಳಿದವು ಎಂದು ಲೋಕಸಭೆಯಲ್ಲಿ ಪ್ರಶ್ನೆ ಹಾಕಲು ಹೇಳಿ. ಆ ಕಂಪನಿಗಳ ಷೇರು ನಿಮ್ಮಲ್ಲಿದ್ದರೆ ವಾರ್ಷಿಕ ಸಭೆಯಲ್ಲಿ ನೀವೇ ಎದ್ದು ಕೇಳಿ. 2026ರ ಜನವರಿಯಲ್ಲಿ ಅಫುಂಗಿಯಲ್ಲಿ ಕೆಲಸ ಮತ್ತೆ ಶುರುವಾಗಿದೆ. ಕೇಳುವುದಕ್ಕೆ ಇದೇ ಹೊತ್ತು, ತಡಮಾಡಬೇಡಿ.